ಹೆಡ್ಮಿಸ್ ಮಾಡಿಸಿದ ಪರಿಚಯ

ಶಾಲೆಯಿಂದ ನಿವೃತ್ತಿಯಾಗಿ ವರ್ಷಗಳೇ ಕಳೆದಿದ್ದರೂ ಬೀದಿಯವರ ಬಾಯಲ್ಲಿ ಅವರು ಇನ್ನೂ ಹೆಡ್ಮಿಸ್ಸೇ. ತರಕಾರಿ ಅಂಗಡಿಯವನು ತಕ್ಕಡಿ ಎತ್ತುವ ಮೊದಲು ಅವರ ಮುಖ ನೋಡುತ್ತಿದ್ದ. ಆಟವಾಡುವ ಮಕ್ಕಳು ಅವರು ಬರುವುದು ಕಂಡರೆ ಚೆಂಡನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಗೋಡೆಗೆ ಒತ್ತಿ ನಿಲ್ಲುತ್ತಿದ್ದವು. ಇದನ್ನೆಲ್ಲ ಹೆಡ್ಮಿಸ್ ಗೌರವ ಅಂತಲೇ ತಿಳಿದಿದ್ದರು.

ಅವರಿಗೆ ಮದುವೆ ಅಂತ ಆಗಿರಲಿಲ್ಲ. ಅಪ್ಪ ಅಮ್ಮ ಬೇಗ ಹೋದರು. ತಂಗಿಯನ್ನು ಸಾಕಿ, ಮದುವೆ ಮಾಡಿಕೊಟ್ಟು, ಅವಳ ಗಂಡ ಸತ್ತ ಮೇಲೆ ಮತ್ತೆ ಮನೆಗೆ ಕರೆತಂದು ಇಟ್ಟುಕೊಂಡವರು ಅವರೇ. ಈ ಮಾತನ್ನು ಅವರು ಯಾರ ಮುಂದೆಯೂ ಹೇಳದೆ ಬಿಟ್ಟದ್ದಿಲ್ಲ. "ನಾನಿಲ್ದೇ ಇದ್ದಿದ್ರೆ ಇವಳು ಬೀದಿಪಾಲು" ಎಂದು ತಂಗಿಯ ಎದುರಿಗೇ ಅಂದು, "ಅಲ್ವೇನೇ ಪುಟ್ಟಿ?" ಎಂದು ಅವಳಿಂದಲೇ ಒಪ್ಪಿಗೆಯ ಮುದ್ರೆಯನ್ನೂ ಒತ್ತಿಸಿಕೊಳ್ಳುತ್ತಿದ್ದರು. "ಹೌದಕ್ಕ" ಅನ್ನುತ್ತಿದ್ದಳು ಪುಟ್ಟಿ. ಐವತ್ತು ದಾಟಿ, ಮುಂದಲೆ ನರೆತ ಆ ಹೆಂಗಸನ್ನು ಊರೆಲ್ಲ ಪುಟ್ಟಿ ಅಂತಲೇ ಕರೆಯುತ್ತಿತ್ತು.

ಪುಟ್ಟಿಗೆ ಒಂದು ಮಗುವಾಗಿತ್ತು, ಉಳಿಯಲಿಲ್ಲ. ಹೆರಿಗೆ ಬಹಳ ಎಳೆದು ಅವಳ ಒಳಗೆ ಏನೋ ಹರಿದುಹೋಯಿತು. ಅಂದಿನಿಂದ ಮೂತ್ರದ ಹಿಡಿತ ತಪ್ಪಿತು. ಕೆಮ್ಮಿದರೆ, ಸೀನಿದರೆ, ಕೊನೆಗೆ ಜೋರಾಗಿ ನಕ್ಕರೂ ಬಟ್ಟೆ ಒದ್ದೆ. ಹೊರಗೆ ಹೊರಟರೆ ಒಳಗೆ ದೊಡ್ಡವರ ಡಯಪರ್ ಹಾಕಿಕೊಂಡೇ ಹೊರಡಬೇಕು. ಬದುಕಿದ್ದಷ್ಟು ದಿನ ಗಂಡನಿಗೂ ಇದು ಪೂರ್ತಿ ಗೊತ್ತಾಗದ ಹಾಗೆ ನೋಡಿಕೊಂಡಿದ್ದಳು. ಗೊತ್ತಿದ್ದವರು ಒಬ್ಬರೇ: ಆಸ್ಪತ್ರೆಯ ಮಂಚದ ಪಕ್ಕ ನಿದ್ದೆಗೆಟ್ಟು ಕೂತು ಅವಳ ಬಟ್ಟೆ ಬದಲಿಸಿದ ಅಕ್ಕ.

ನಿವೃತ್ತಿಯಾದ ಮೇಲೆ ಹೆಡ್ಮಿಸ್‌ಗೆ ಹೇಳಿದ ಮಾತು ಕೇಳಲು ಪುಟ್ಟಿಯೊಬ್ಬಳೇ ಉಳಿದಳು. ಅಷ್ಟರಿಂದ ಅವರ ಹೊಟ್ಟೆ ತುಂಬುವಂತಿರಲಿಲ್ಲ. ಹಾಗಿರುವಾಗ ವಿಜ್ಞಾನ ಮ್ಯೂಸಿಯಂನಲ್ಲಿ ಹೊಸದಾಗಿ ತೆರೆದ ಬಾಹ್ಯಾಕಾಶ ವಿಭಾಗಕ್ಕೆ ಸ್ವಯಂಸೇವಕರು ಬೇಕು ಅಂತ ಸುದ್ದಿ ಬಂತು. ಸಂಬಳ ಇಲ್ಲ, ನೀಲಿ ಬಣ್ಣದ ಒಂದು ಜಾಕೀಟು, ಮಧ್ಯಾಹ್ನ ಒಂದು ಚಹಾ. ಜಾಕೀಟಿನ ಬೆನ್ನ ಮೇಲೆ 'ನನ್ನನ್ನು ಕೇಳಿ' ಅಂತ ದಪ್ಪ ಅಕ್ಷರದಲ್ಲಿ ಬರೆದಿತ್ತು. ಹೆಡ್ಮಿಸ್‌ಗೆ ಅದೇ ಸಾಕಾಯಿತು. ಕೈಚೀಲ ಹಿಡಿದುಕೊಳ್ಳೋಕೆ ಒಬ್ಬರು ಇರಲಿ ಅಂತ ಪುಟ್ಟಿಯನ್ನೂ ಕರೆದುಕೊಂಡು ಹೋದರು.

ವಿಭಾಗದ ಮೇಲ್ವಿಚಾರಕಿ ಚುರುಕಾದ ಹುಡುಗಿ. ಹೆಡ್ಮಿಸ್‌ ಓದಿದ್ದನ್ನೂ ಪಾಠ ಹೇಳಿದ್ದನ್ನೂ ಕೇಳಿ, ಪ್ರದರ್ಶನದ ಹಾಲ್‌ನ ನಟ್ಟನಡುವೆ ಚಾವಣಿ ಮುಟ್ಟುವಂತೆ ನಿಲ್ಲಿಸಿದ್ದ ರಾಕೆಟ್ಟಿನ ಮಾದರಿಯನ್ನು ಅವರಿಗೆ ಒಪ್ಪಿಸಿದಳು. "ನೀವಮ್ಮ?" ಎಂದು ಪುಟ್ಟಿಯ ಕಡೆ ತಿರುಗಿದಳು.

"ನಾನು ಸುಮ್ನೆ ಅಕ್ಕನ ಜೊತೆ ಬಂದೆ. ನನಗೇನೂ ಗೊತ್ತಿಲ್ಲ."

"ಪರವಾಗಿಲ್ಲ, ಒಂದು ಜಾಗ ಖಾಲಿ ಇದೆ. ಅಲ್ಲಿ ಯಾರೂ ನಿಲ್ಲೋಕೆ ಒಪ್ತಿಲ್ಲ" ಎಂದು ಮೇಲ್ವಿಚಾರಕಿ ಸಂಕೋಚದಿಂದಲೇ ಅವಳನ್ನು ಮೂಲೆಗೆ ಕರೆದೊಯ್ದಳು. ಅಲ್ಲಿ ಗಗನಯಾತ್ರಿಗಳ ಕಕ್ಕಸಿನ ಮಾದರಿ ಇತ್ತು: ಕಾಲು ಸಿಕ್ಕಿಸಿಕೊಳ್ಳುವ ಪಟ್ಟಿ, ಗಾಳಿ ಹೀರುವ ಕೊಳವೆ, ಚಿಕ್ಕ ತೂತಿನ ಆಸನ. ಪಕ್ಕದಲ್ಲಿ ಮಧ್ಯಕ್ಕೆ ಸೀಳಿ ತೆರೆದಿಟ್ಟ ಬಾಹ್ಯಾಕಾಶದ ಉಡುಪು. ಒಂದರ ಮೇಲೊಂದು ಪದರ, ಎಲ್ಲಕ್ಕಿಂತ ಒಳಗೆ, ಮೈಗೆ ಅಂಟಿಕೊಂಡಂತೆ, ಬಿಳಿಯ ಡಯಪರ್. ಪುಟ್ಟಿ ಬಗ್ಗಿ ಅದನ್ನು ಹತ್ತಿರದಿಂದ ನೋಡಿದಳು. "ಇವರೂನಾ?" ಅಂದಳು. ಆಮೇಲೆ, "ಆಗ್ಲಿ, ನಿಲ್ತೀನಿ" ಅಂದಳು.

ಹೆಡ್ಮಿಸ್ ಮನೆಗೆ ಬಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಹೋಗಿ ಹೋಗಿ ನಿನಗೆ ಕಕ್ಕಸೇ ಸಿಕ್ತೇನೇ!"

ಪುಟ್ಟಿಯೂ ನಕ್ಕಳು. ನಕ್ಕು, ಬಟ್ಟೆ ಬದಲಿಸಿಕೊಳ್ಳಲು ಬಚ್ಚಲಿಗೆ ಹೋದಳು.

ಆದರೆ ಮಕ್ಕಳ ಮನಸ್ಸು ಹೆಡ್ಮಿಸ್ ತಿಳಿದಂತಿರಲಿಲ್ಲ. ಬಾಹ್ಯಾಕಾಶ ಅಂದ ತಕ್ಷಣ ಎಲ್ಲ ಮಕ್ಕಳಿಗೂ ಏಳುವ ಮೊದಲ ಪ್ರಶ್ನೆ ಒಂದೇ, ಅದನ್ನು ಕೇಳುವ ಧೈರ್ಯ ಮಾತ್ರ ಇರುವುದಿಲ್ಲ. ಅವರು ಕೇಳುವ ಮೊದಲೇ ಪುಟ್ಟಿ ಶುರುಮಾಡಿಬಿಡುತ್ತಿದ್ದಳು.

"ಭಾರ ಇಲ್ಲ ಅಂದ್ರೆ ಏನು ಹೇಳಿ? ಕೆಳಗೆ ಬೀಳಬೇಕಾದ್ದು ಬೀಳಲ್ಲ. ಬೀಳದಿದ್ರೆ?"

"ತೇಲುತ್ತೆ!"

"ತೇಲ್ಕೊಂಡು ಎಲ್ಲಿಗೆ ಬರುತ್ತೆ?" ಎಂದು ಅವಳು ಬೆರಳನ್ನು ಗಾಳಿಯಲ್ಲಿ ನಿಧಾನವಾಗಿ ತೇಲಿಸುತ್ತಾ ತಂದು, ಹಿಂದೆ ನಿಂತ ಮೇಷ್ಟರ ಮೂಗಿನ ಮುಂದೆ ನಿಲ್ಲಿಸುತ್ತಿದ್ದಳು. ಹಾಲಿನ ಸೂರು ಹಾರಿಹೋಗುವ ಹಾಗೆ ನಗು. ಅಲ್ಲಿ ಮೂತ್ರವನ್ನೇ ಸೋಸಿ ಕುಡಿಯುವ ನೀರು ಮಾಡುತ್ತಾರೆ ಅನ್ನುವುದನ್ನು ಹೇಳುವಾಗ ಅದೇ ಮೇಷ್ಟರಿಗೆ ಒಂದು ಲೋಟ ನೀರು ಚಾಚಿ, "ತಗೊಳ್ಳಿ ಮೇಷ್ಟ್ರೇ, ನಿನ್ನೆ ನೀವೇ ಕೊಟ್ಟಿದ್ದು" ಅನ್ನುತ್ತಿದ್ದಳು. ಡಯಪರ್ ತೋರಿಸುವಾಗ ಮಾತ್ರ ಅವಳ ದನಿ ತಗ್ಗುತ್ತಿತ್ತು. "ಹೊರಗೆ ಗಂಟೆಗಟ್ಲೆ ಕೆಲಸ. ಬಾಗಿಲು ತೆಗೆದು ಓಡಿ ಬರೋ ಹಾಗಿಲ್ಲ. ಅದಕ್ಕೇ ಇದು. ಎಂಥೆಂಥ ಗಟ್ಟಿಗರೂ ಹಾಕ್ಕೋತಾರೆ. ಯಾರೂ ನಾಚಿಕೊಳ್ಳಲ್ಲ."

ಗುಂಪು ಚದುರಿದ ಮೇಲೆ ಒಮ್ಮೊಮ್ಮೆ ಯಾರಾದರೂ ಹೆಂಗಸು ಹಿಂದೆ ಉಳಿದು ಪುಟ್ಟಿಯ ಕಿವಿಯಲ್ಲಿ ಏನೋ ಕೇಳುವಳು. ಪುಟ್ಟಿ ಅವಳ ಮೊಣಕೈ ಹಿಡಿದು ಏನೋ ಹೇಳುವಳು. ಅದೇನೆಂದು ಯಾರೂ ಹೆಡ್ಮಿಸ್‌ಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ರಾಕೆಟ್ಟಿನ ಬಳಿ ಕತೆಯೇ ಬೇರೆ. ಹೆಡ್ಮಿಸ್ ಪಾಠ ಹೇಳುತ್ತಿದ್ದರು, ನಡುವೆ ಪ್ರಶ್ನೆ ಕೇಳುತ್ತಿದ್ದರು, ಉತ್ತರ ಬಾರದವರನ್ನು ಪಕ್ಕಕ್ಕೆ ನಿಲ್ಲಿಸುತ್ತಿದ್ದರು. "ಕಂಬಿಗೆ ಒರಗಬೇಡ. ಬೆನ್ನು ನೆಟ್ಟಗೆ." ಮಕ್ಕಳ ಕಿವಿ ಮಾತ್ರ ಮೂಲೆಯ ನಗುವಿನ ಕಡೆ. ಒಂದು ಹುಡುಗಿ ಗೆಳತಿಗೆ ಪಿಸುಗುಟ್ಟಿದ್ದು ಅವರಿಗೇ ಕೇಳಿಸಿತು: "ಈ ಅಜ್ಜಿ ಪರೀಕ್ಷೆ ತಗೋತಾರೆ ಕಣೇ. ಕಕ್ಕಸು ಆಂಟಿ ಹತ್ರ ಹೋಗೋಣ."

ಉಲ್ಕೆಯ ಕಲ್ಲಿನ ಮುಂದೆ ನಿಲ್ಲುತ್ತಿದ್ದ ಮುದುಕರೊಬ್ಬರು ರೈಲಿನಲ್ಲಿ ಗಾರ್ಡ್ ಆಗಿದ್ದವರು. ಅವರು ಚಹಾದ ಹೊತ್ತಿಗೆ, "ಏನು ಹೆಡ್ಮಿಸ್, ನಿಮ್ಮ ರಾಕೆಟ್ ಏರಿದೋರೆಲ್ಲ ನೆಟ್ಟಗೆ ನಿಮ್ಮ ತಂಗಿ ಹತ್ರಾನೇ ಇಳೀತಾರಲ್ಲ!" ಅಂದುಬಿಟ್ಟರು. ಎಲ್ಲರೂ ನಕ್ಕರು. ಹೆಡ್ಮಿಸ್ ಚಹಾದ ಲೋಟವನ್ನು ಅರ್ಧಕ್ಕೇ ಇಟ್ಟು ಎದ್ದರು.

ಅಂದಿನಿಂದ ಮನೆಯಲ್ಲಿ ಮುಳ್ಳು ಮಾತು ಶುರುವಾಯಿತು. "ನಗ್ತಾರೆ ಅಂತ ಬೀಗಬೇಡ. ನಿನ್ನ ಮಾತಿಗಲ್ಲ, ನಿನ್ನ ನೋಡಿ ನಗ್ತಾರೆ." "ಆ ಶಬ್ದ ನೀನು ತಪ್ಪು ಹೇಳ್ತೀಯ. ನನ್ನ ಮಾನ ಹೋಗುತ್ತೆ." ಪುಟ್ಟಿ ಹೌದಕ್ಕ ಅಂದು, ತಪ್ಪಿದ ಶಬ್ದವನ್ನು ಪಾತ್ರೆ ತೊಳೆಯುತ್ತಾ ಬಾಯಿಪಾಠ ಮಾಡಿ, ಮಾರನೆಯ ದಿನ ಸರಿಯಾಗಿ ಹೇಳುತ್ತಿದ್ದಳು. ಅದು ಅಕ್ಕನ ಉರಿಗೆ ಎಣ್ಣೆ ಹೊಯ್ದಂತಾಗುತ್ತಿತ್ತು. ಏಟು ತಿಂದು ಅಳುವವರನ್ನು ಹೆಡ್ಮಿಸ್ ಜೀವನವಿಡೀ ನೋಡಿದ್ದರು. ಏಟು ತಿಂದು ಬೆಳೆಯುವವರನ್ನು ಸಹಿಸಿ ಅಭ್ಯಾಸವಿರಲಿಲ್ಲ.

ವಿಭಾಗಕ್ಕೆ ವರ್ಷ ತುಂಬುವ ಹೊತ್ತಿಗೆ ಒಂದು ಸಭೆ ಗೊತ್ತಾಯಿತು. ಹತ್ತಾರು ಶಾಲೆಗಳ ಮಕ್ಕಳು, ಶಿಕ್ಷಕರು, ಮ್ಯೂಸಿಯಂನ ನಿರ್ದೇಶಕರು ಎಲ್ಲ ಬರುವವರು. ವೇದಿಕೆಯ ಮೇಲೆ ಮಾತಾಡಬೇಕಾದವಳು ಪುಟ್ಟಿ. ಮೇಲ್ವಿಚಾರಕಿ ಒಳ್ಳೆಯ ಮನಸ್ಸಿನಿಂದಲೇ ಹೆಡ್ಮಿಸ್ ಬಳಿ ಬಂದು, "ಮೇಡಂ, ನಿಮ್ಮ ತಂಗಿ ತಾನೇ, ನೀವೇ ಪರಿಚಯ ಮಾಡಿಸಿಬಿಡಿ. ಅವರಿಗೂ ಧೈರ್ಯ" ಅಂದಳು.

ಪುಟ್ಟಿಗೆ ಅದೇ ದೊಡ್ಡ ಸಂಭ್ರಮ. "ನೀನು ನನ್ನ ಬಗ್ಗೆ ಮಾತಾಡ್ತೀಯಾ ಅಕ್ಕ? ಎಲ್ಲರ ಮುಂದೆ?" ಎಂದು ಮತ್ತೆಮತ್ತೆ ಕೇಳಿದಳು. ಅಕ್ಕನ ಬಟ್ಟೆಗೆ ತಾನೇ ಇಸ್ತ್ರಿ ಹಾಕಿದಳು.

ಆಮೇಲೆ ಹೆಡ್ಮಿಸ್ ಎಷ್ಟೋ ಜನರ ಹತ್ತಿರ, ಅದು ಬಾಯಿ ತಪ್ಪಿ ಬಂದ ಮಾತು ಅಂದರು. ತಪ್ಪಿ ಬಂದದ್ದಲ್ಲ. ಬೆಳಿಗ್ಗೆ ಬಚ್ಚಲಿನ ಬಾಗಿಲು ಹಾಕಿಕೊಂಡು, ಕನ್ನಡಿಯ ಮುಂದೆ, ಎಲ್ಲಿ ತಡೆದು ನಿಲ್ಲಬೇಕು ಅನ್ನುವುದನ್ನೂ ಸೇರಿಸಿ ಆಡಿ ನೋಡಿದ್ದರು.

ಸಭೆಯ ಹಾಲ್ ಕಿಕ್ಕಿರಿದಿತ್ತು. ಮಕ್ಕಳು ನೆಲದ ಮೇಲೆ ಕಾಲು ಮಡಚಿ ಕೂತಿದ್ದವು. ಹೆಡ್ಮಿಸ್ ಮೈಕಿನ ಮುಂದೆ ನಿಂತರು. ಬಹಳ ದಿನಗಳ ಮೇಲೆ ಅಷ್ಟು ಮಕ್ಕಳು ಅವರ ಮುಂದೆ ಬಾಯಿ ಮುಚ್ಚಿ ಕೂತದ್ದು.

"ಇವಳು ನನ್ನ ತಂಗಿ. ಹೆಚ್ಚು ಓದಿದವಳಲ್ಲ. ಇಷ್ಟು ಕಲಿತವರಿರುವಾಗ ಇವಳನ್ನೇ ಯಾಕೆ ವೇದಿಕೆಗೆ ಕರೆದರು ಅಂತ ನಿಮಗೆ ಅನ್ನಿಸಬಹುದು." ತಡೆದರು. "ಈ ವಿಷಯದಲ್ಲಿ ಇವಳಿಗಿರುವಷ್ಟು ಅನುಭವ ಇಲ್ಲಿ ಇನ್ಯಾರಿಗೂ ಇಲ್ಲ. ಗಗನಯಾತ್ರಿಗಳು ಹಾಕಿಕೊಳ್ತಾರಲ್ಲ ಡಯಪರ್, ಅದನ್ನ ಇವಳು ದಿನಾ ಹಾಕ್ಕೋತಾಳೆ. ಈಗಲೂ ಹಾಕ್ಕೊಂಡೇ ನಿಂತಿದ್ದಾಳೆ. ಅಲ್ವೇನೇ ಪುಟ್ಟಿ?"

ಮೊದಲು ಎಲ್ಲರೂ ತಮಾಷೆ ಅಂದುಕೊಂಡು ನಕ್ಕರು. ನಿರ್ದೇಶಕರೂ ನಕ್ಕರು. ಅಷ್ಟರಲ್ಲಿ ಪುಟ್ಟಿಯ ಎರಡೂ ಕೈ ತಾವಾಗಿಯೇ ಹೋಗಿ ಜಾಕೀಟಿನ ಅಂಚನ್ನು ಹಿಡಿದು ಕೆಳಕ್ಕೆ ಎಳೆದವು. ಆ ಎಳೆತದಿಂದ ನಿಜ ಬಯಲಾಗಿಹೋಯಿತು. ದೊಡ್ಡವರ ನಗು ಗಕ್ಕನೆ ನಿಂತಿತು. ಮಕ್ಕಳ ನಗು ಅಲ್ಲಿಂದಲೇ ಏರಿತು. ಹಿಂದಿನ ಸಾಲಿನವರು ನೋಡಲು ಮೊಣಕಾಲ ಮೇಲೆ ಎದ್ದರು.

ಅವಳು ಮೈಕಿನ ಮುಂದೆ ಬಂದಳು. "ಭಾರ ಇಲ್ಲ ಅಂದ್ರೆ ಏನು ಹೇಳಿ?" ಅಂದಳು.

"ಡಯಪರ್!" ಎಂದಿತು ಹಿಂದಿನಿಂದ ಒಂದು ಧ್ವನಿ.

ಹಾಲೇ ಬಿದ್ದುಹೋಗುವಂತೆ ನಕ್ಕಿತು. ಮುಂದೆ ಅವಳು ಏನು ಕೇಳಿದರೂ ಉತ್ತರ ಅದೊಂದೇ. ಪಾಪ, ನಗಿಸಲು ಅವಳಿಗೆ ಅಂದು ಯಾವ ಕಷ್ಟವೂ ಆಗಲಿಲ್ಲ. ಶಿಕ್ಷಕರು ಉಸ್ ಉಸ್ ಅಂದರು, ಮೇಲ್ವಿಚಾರಕಿ ಮಕ್ಕಳನ್ನು ಸುಮ್ಮನಾಗಿಸಲು ಸಾಲುಗಳ ನಡುವೆ ಓಡಾಡಿದಳು. ಪುಟ್ಟಿ ಒಂದು ವಾಕ್ಯವನ್ನೂ ಬಿಡದೆ ಕೊನೆಯವರೆಗೆ ಹೇಳಿದಳು. "ಯಾರೂ ನಾಚಿಕೊಳ್ಳಲ್ಲ" ಅನ್ನುವುದನ್ನೂ ಹೇಳಿದಳು. ಆಮೇಲೆ ಜಾಕೀಟು ಬಿಚ್ಚಿ, ಮಡಿಸಿ, ಕುರ್ಚಿಯ ಮೇಲಿಟ್ಟು, ಮಕ್ಕಳ ನಡುವಿನ ದಾರಿಯಲ್ಲೇ ನಡೆದು ಹೊರಗೆ ಹೋದಳು. ಮಕ್ಕಳು ಮೂಗು ಮುಚ್ಚಿಕೊಂಡು ದಾರಿ ಬಿಟ್ಟವು. ಮುಂದಿನ ಸಾಲಿನಲ್ಲಿ ಕೂತಿದ್ದ ಹೆಡ್ಮಿಸ್ ಚಪ್ಪಾಳೆ ತಟ್ಟಿದರು.

ಮನೆಗೆ ಬಂದರೆ ಅಡುಗೆ ಆಗಿತ್ತು, ಮೇಜಿನ ಮೇಲೆ ತಟ್ಟೆ ಇಟ್ಟಿತ್ತು. ಬೈಗುಳ, ಅಳು ಯಾವುದಕ್ಕೂ ಹೆಡ್ಮಿಸ್ ಸಿದ್ಧವಾಗಿಯೇ ಬಂದಿದ್ದರು. "ತಮಾಷೆಗೆ ಅಂದೆ ಕಣೇ. ನಾಚಿಕೆ ಯಾಕೆ ಅಂತ ನೀನೇ ಸಾರಿಕೊಂಡು ತಿರುಗ್ತಿದ್ದೆಯಲ್ಲ?"

"ಬಡಿಸ್ಲಾ ನಿಮಗೆ?" ಅಂದಳು ಪುಟ್ಟಿ.

ಹೆಡ್ಮಿಸ್ ಕೇಳಿಸಿಕೊಂಡದ್ದು ತಪ್ಪೇನೋ ಅಂದುಕೊಂಡರು. "ಏನಂದೆ?"

"ತಡ ಆಗಿದೆ. ನೀವು ಊಟ ಮಾಡಿ."

ಮಾರನೆಯ ದಿನ ಮೇಲ್ವಿಚಾರಕಿ ಫೋನ್ ಮಾಡಿದಳು. ಪುಟ್ಟಿಯಮ್ಮ ಬರಲೇಬೇಕು, ಎಲ್ಲರೂ ಕಾಯ್ತಿದ್ದೇವೆ, ಒಂದು ಸಲ ಅವರ ಹತ್ತಿರ ಮಾತಾಡಬೇಕು ಅಂದಳು. ಫೋನ್ ಎತ್ತಿದವರು ಹೆಡ್ಮಿಸ್. ಪುಟ್ಟಿ ಒಳಗಿನ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದಳು. "ಅವಳಿಗೆ ಆಗಲ್ಲ ಬಿಡಿ. ಅವಳ ತೊಂದರೆ ನಿಮಗೇ ಗೊತ್ತಲ್ಲ" ಅಂದು ಹೆಡ್ಮಿಸ್ ಫೋನ್ ಇಟ್ಟರು. ಫೋನ್ ಬಂದ ಸಂಗತಿಯನ್ನು ತಂಗಿಗೆ ಹೇಳಲೇ ಇಲ್ಲ.

ಮೂಲೆಯ ಜಾಗ ಖಾಲಿ ಬಿದ್ದಿತ್ತು, ಮಕ್ಕಳು ಬರುವುದು ನಿಂತಿರಲಿಲ್ಲ, ಅಲ್ಲಿ ನಿಲ್ಲಲು ಬೇರೆ ಜನವೂ ಇರಲಿಲ್ಲ. ಕೊನೆಗೆ ಮೇಲ್ವಿಚಾರಕಿ ಮುಖ ಆ ಕಡೆ ತಿರುಗಿಸಿಕೊಂಡೇ ಅದನ್ನು ಹೆಡ್ಮಿಸ್‌ಗೆ ಕೊಟ್ಟಳು. ಹೆಡ್ಮಿಸ್ ಕೂತ ಕಡೆ ಚಹಾ ಕುಡಿಯುವುದನ್ನೇ ಗಾರ್ಡ್ ಬಿಟ್ಟಿದ್ದರು. ಹೆಡ್ಮಿಸ್ ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಲಿಲ್ಲ. ತಂಗಿಯ ಮಾತೆಲ್ಲ ಅವರಿಗೆ ಬಾಯಿಗೆ ಬರುತ್ತಿತ್ತು: ತೇಲುವ ಬೆರಳು, ಮೇಷ್ಟರ ಮೂಗು, ನೀರಿನ ಲೋಟ. ಒಂದೊಂದನ್ನೂ ಹಾಗೇ ಮಾಡಿದರು. ಮಕ್ಕಳು ನಕ್ಕವು. ನೋಡಿದೆಯಾ, ಇದರಲ್ಲಿ ಅವಳ ಹೆಚ್ಚುಗಾರಿಕೆ ಏನೂ ಇರಲಿಲ್ಲ ಅಂತ ಅವರ ಮನಸ್ಸು ಹಗುರವಾಯಿತು.

ಗುಂಪು ಹೋದ ಮೇಲೆ ಒಬ್ಬ ಹೆಂಗಸು ಹಿಂದೆ ಉಳಿದಳು. ಕೈಚೀಲವನ್ನು ಹೊಟ್ಟೆಗೆ ಒತ್ತಿ ಹಿಡಿದಿದ್ದಳು. "ಇಲ್ಲಿ ಇನ್ನೊಬ್ರು ಇದ್ರಲ್ಲಮ್ಮ... ಯಾವುದೋ ಡಾಕ್ಟರ ಹೆಸರು ಹೇಳ್ತೀನಿ ಅಂದಿದ್ರು..."

"ಯಾವ ಕಾಯಿಲೆಗೆ? ಜೋರಾಗಿ ಹೇಳಿ, ಕೇಳಿಸ್ತಿಲ್ಲ" ಅಂದರು ಹೆಡ್ಮಿಸ್, ತರಗತಿಯ ದನಿಯಲ್ಲಿ.

ಹೆಂಗಸು ಅತ್ತಿತ್ತ ನೋಡಿದಳು. "ಏನಿಲ್ಲ ಬಿಡಿ" ಎಂದು ಹೊರಟೇಹೋದಳು.

ಮನೆಯಲ್ಲಿ ಎಲ್ಲ ಹೊತ್ತಿಗೆ ಸರಿಯಾಗಿ ನಡೆಯುತ್ತಿತ್ತು. ಚಹಾ ಬಿಸಿಯಾಗಿರುತ್ತಿತ್ತು, ಹಾಸಿಗೆ ಹಾಸಿರುತ್ತಿತ್ತು. ಪುಟ್ಟಿಗೆ ಹೋಗಲು ಬೇರೆ ಜಾಗ ಇರಲಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು. ಆದರೆ ಅಕ್ಕ ಅನ್ನುವ ಶಬ್ದ ಆ ಮನೆಯಿಂದ ಎದ್ದುಹೋಗಿತ್ತು. ಏಳಿ, ಬನ್ನಿ, ಕೂತ್ಕೊಳ್ಳಿ, ನೀವು, ನಿಮಗೆ, ನಿಮ್ಮ. ಹೆಡ್ಮಿಸ್ ಬೈದರು. "ಯಾರಿಗೇ ಈ ಬಹುವಚನ? ನಾನೇನು ನೆಂಟಳಾ?" ಎಂದು ರೇಗಿದರು. ಒಂದು ದಿನ ತಟ್ಟೆಯನ್ನೇ ತಳ್ಳಿದರು. ಪುಟ್ಟಿ ನೆಲ ಒರೆಸಿ, ಬೇರೆ ತಟ್ಟೆ ತಂದಿಟ್ಟು, "ಬಿಸಿ ಇದೆ, ನೋಡ್ಕೊಳ್ಳಿ" ಅಂದಳು.

ವರ್ಷಗಳ ಮೇಲೆ ಹೆಡ್ಮಿಸ್‌ಗೆ ಕಣ್ಣಿನ ಪೊರೆ ತೆಗೆಸಬೇಕಾಯಿತು. ಆಸ್ಪತ್ರೆಗೆ ಪುಟ್ಟಿಯೇ ಕರೆದೊಯ್ದಳು, ಪುಟ್ಟಿಯೇ ಕಾದಳು. ಪಟ್ಟಿ ಕಟ್ಟಿಕೊಂಡು ಹೊರಬಂದ ಹೆಡ್ಮಿಸ್‌ರನ್ನು ಕೂರಿಸಿ ನರ್ಸ್ ಕೇಳಿದಳು, "ಔಷಧಿ ಹಾಕೋದು ಹೇಳಿಕೊಡ್ಬೇಕು. ನಿಮ್ಮ ಮನೆಯವರು ಯಾರೂ ಬಂದಿಲ್ವಾ?"

"ಬಂದಿದ್ದಾಳಲ್ಲ. ಇವಳು ನನ್ನ ತಂಗಿ" ಅಂದರು ಹೆಡ್ಮಿಸ್, ಕೈಯನ್ನು ಅಂದಾಜಿನ ಮೇಲೆ ಪಕ್ಕಕ್ಕೆ ಚಾಚಿ.

ನರ್ಸ್ ಪುಟ್ಟಿಯ ಕಡೆ ನೋಡಿದಳು. "ಹೌದಾ?"

"ಅವರು ಹಾಗಂತಾರೆ" ಅಂದಳು ಪುಟ್ಟಿ.

ನರ್ಸ್ ಅವಳನ್ನು ಹತ್ತಿರ ಕರೆದಳು. ಔಷಧಿಯ ಸೀಸೆಗಳನ್ನು ಕೊಟ್ಟು ಹೇಗೆ ಹಾಕಬೇಕೆಂದು ತೋರಿಸಿದಳು. ಪುಟ್ಟಿ ಗಮನವಿಟ್ಟು ಕೇಳಿಸಿಕೊಂಡಳು, ಒಂದೆರಡು ಪ್ರಶ್ನೆ ಕೇಳಿ ಖಚಿತ ಮಾಡಿಕೊಂಡಳು. ಆಮೇಲೆ ಹೆಡ್ಮಿಸ್‌ರ ತೋಳನ್ನು ಹುಷಾರಾಗಿ ಹಿಡಿದು ಎಬ್ಬಿಸಿದಳು.

"ಮುಂದೆ ಮೆಟ್ಟಿಲಿದೆ," ಅಂದಳು. "ನಿಧಾನವಾಗಿ ಕಾಲಿಡಿ."