ಜಠರ ಸುಧಾರಿಸಿಕೊಳ್ಳುವಷ್ಟು ಹೊತ್ತು

ಹೊಟ್ಟೆಯ ಬಗ್ಗೆ ಮಾತಾಡದವರು ಯಾರಿದ್ದಾರೆ? ಆದರೆ ಹೊಟ್ಟೆ ಆಡುವ ಮಾತನ್ನು ಕೂತು ಕೇಳಿಸಿಕೊಂಡವರು ವಿರಳ. ದೇಹದ ಕೊಬ್ಬು ಸುಮ್ಮನೆ ಮೂಲೆಯಲ್ಲಿ ಒಟ್ಟಿದ ಮೂಟೆಯಲ್ಲ, ಅದೂ ಹಾರ್ಮೋನುಗಳನ್ನು ಸ್ರವಿಸಿ ಜಠರದ ಸ್ನಾಯುವಿಗೆ ಏನನ್ನೋ ಹೇಳಿಕಳಿಸುತ್ತಿರುತ್ತದೆ ಎಂಬುದನ್ನು ತಮ್ಮ ಸೇವಾವಧಿಯುದ್ದಕ್ಕೂ ಪರೀಕ್ಷಿಸುತ್ತ ಬಂದ, ಈಗ ನಿವೃತ್ತರಾಗುತ್ತಿರುವ ನಮ್ಮ ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕಿ ಆ ವಿರಳರಲ್ಲಿ ಒಬ್ಬರು. ವಿಭಾಗದಲ್ಲಿ ಅವರಿಗೆ 'ತೂಕಡಿಕೆ ಮೇಡಂ' ಎಂದೇ ಹೆಸರು. ಅವರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನ ಗ್ರಂಥದಲ್ಲಿ ಹೀಗೆಲ್ಲ ಬರೆಯಬಹುದೇ ಎಂದು ಸಂಪಾದಕರು ಹುಬ್ಬೇರಿಸಿದರು. ಮೇಡಂ ಮಾತ್ರ, "ಬರೀಲಿ ಬಿಡಿ, ಬೇರೆ ಹೆಸರು ಹಾಕಿದ್ರೆ ಇದ್ಯಾರೋ ಅಂದ್ಕೋತಾರೆ" ಎಂದು ನಕ್ಕುಬಿಟ್ಟರು.

ಅವರ ಪ್ರಯೋಗಶಾಲೆ ಕಾರಿಡಾರಿನ ಕಟ್ಟಕಡೆಯ ಕೋಣೆ. ಒಳಗೆ ಕಾಲಿಟ್ಟರೆ ಮೈಯಷ್ಟೇ ಬೆಚ್ಚಗೆ ಕಾಯಿಸಿದ ಉಪ್ಪುನೀರಿನ ಹಬೆ, ಆ ನೀರಿನಲ್ಲಿ ಆಮ್ಲಜನಕದ ಗುಳುಗುಳು, ಉರುಳುವ ಕಾಗದದ ಮೇಲೆ ಗೆರೆ ಎಳೆಯುತ್ತ ಸಾಗುವ ಲೇಖನಿಯ ಕಿರುಸದ್ದು. ಗಾಜಿನ ಕೊಳವೆಯೊಳಗೆ, ಇಲಿಯ ಜಠರದಿಂದ ಬಿಡಿಸಿಕೊಂಡ ಸ್ನಾಯುವಿನ ತೆಳುಪಟ್ಟಿಯೊಂದು ದಾರದಲ್ಲಿ ತೂಗುತ್ತಿರುತ್ತದೆ. ದೇಹದಿಂದ ಬೇರೆಯಾದ ಸಂಗತಿ ಅದಕ್ಕಿನ್ನೂ ತಿಳಿದಿಲ್ಲವೇನೋ ಎಂಬಂತೆ ತನ್ನ ಪಾಡಿಗೆ ತಾನು ಬಿಗಿಯುತ್ತದೆ, ಸಡಿಲುತ್ತದೆ. ಬಿಗಿದಾಗ ಕಾಗದದ ಗೆರೆ ಏರುತ್ತದೆ, ಸಡಿಲಿದಾಗ ಇಳಿಯುತ್ತದೆ. ಮಧ್ಯಾಹ್ನದ ಬಿಸಿಲು ಗಾಜಿನ ಮೇಲಿಂದ ಜಾರಿ ನೆಲಕ್ಕಿಳಿಯುವ ಹೊತ್ತಿಗೆ ಅಲ್ಲಿ ಕೂತವರಿಗೆ ಅದು ಯಾವ ದಿನ, ತಾವು ಬಂದದ್ದು ಯಾತಕ್ಕೆ ಎಂಬುದೂ ಮಸುಕಾಗುತ್ತದೆ. ಆ ಗೆರೆಯ ಏರಿಳಿತದೊಳಗೆ ತಮ್ಮ ಉಸಿರೂ ಸೇರಿಕೊಂಡಂತೆ ಅನಿಸುತ್ತದೆ.

ಇಂಥ ಕೋಣೆಯಲ್ಲಿ ಕಣ್ಣುಮುಚ್ಚಿ ಕೂರುವ ಮೇಡಂ ಕೆಲಸಕ್ಕೆ ಸೇರಿದ ಹೊಸತರಲ್ಲಿ ಹೀಗಿರಲಿಲ್ಲ ಎಂದರೆ ಇಂದಿನ ಹುಡುಗರು ನಂಬುವುದಿಲ್ಲ. ಆಗ ಅವರು ಕಾಲಿಗೆ ಚಕ್ರ ಕಟ್ಟಿಕೊಂಡವರು. ಒಂದು ಪಟ್ಟಿಯನ್ನು ತೂಗುಹಾಕುತ್ತಲೇ ಇನ್ನೊಂದನ್ನು ಬಿಡಿಸುವ, ಚಹಾ ಆರುವ ಮೊದಲೇ ಫಲಿತಾಂಶ ಬೇಕೆನ್ನುವ ಅವಸರ. ಆ ಅವಸರಕ್ಕೆ ಕಾರಣ ಅವರ ಅಕ್ಕ.

ಅಕ್ಕ ಚಿಕ್ಕಂದಿನಿಂದಲೂ ದಪ್ಪ. ತಟ್ಟೆಯ ಮುಂದೆ ಕೂತರೆ ಸಾಕು, ಮನೆಮಂದಿಯ ಕಣ್ಣೆಲ್ಲ ಅವರ ಕೈಮೇಲೆ. ನೆಂಟರೆಲ್ಲ ಸೇರಿದ್ದ ಒಂದು ಊಟದಲ್ಲಿ ಚಿಕ್ಕಪ್ಪ, "ಇವಳಿಗೆ ಸಾಕು ಮಾಡ್ರಪ್ಪ, ನಮಗೂ ಸ್ವಲ್ಪ ಉಳೀಲಿ" ಎಂದು ತಮಾಷೆ ಮಾಡಿದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಿನಿಂದ ಅಕ್ಕ ಜನರೆದುರು ಉಣ್ಣುವುದನ್ನೇ ಬಿಟ್ಟರು. ಯಾರು ಕರೆದರೂ "ನಂದು ಆಮೇಲೆ" ಎನ್ನುವುದು, ಎಲ್ಲರದೂ ಮುಗಿದ ಮೇಲೆ ಅಡುಗೆಮನೆಯಲ್ಲಿ ಬಾಗಿಲಿಗೆ ಬೆನ್ನುಹಾಕಿ ನಿಂತುಕೊಂಡೇ ತಿನ್ನುವುದು. ಮದುವೆಯಾಗಿ, ಮಕ್ಕಳಾಗಿ, ಆ ಮಕ್ಕಳೂ ದೊಡ್ಡವರಾದರೂ ಅದು ತಪ್ಪಲಿಲ್ಲ. ಒಮ್ಮೆ ತಂಗಿ ಬಿಡದೆ ಕೇಳಿದಾಗ ಅಕ್ಕ ಹೇಳಿದ್ದು ಇಷ್ಟೇ: "ಹೊಟ್ಟೆ ತುಂಬ್ತು ಅಂತ ನಿಮಗೆಲ್ಲ ಹೇಗೆ ಗೊತ್ತಾಗುತ್ತೋ ಏನೋ ಕಣೇ. ನಂಗೆ ಗೊತ್ತೇ ಆಗಲ್ಲ."

ಬೇರೆಯವರಾಗಿದ್ದರೆ ಅದನ್ನೊಂದು ನೆಪವೆಂದು ತಳ್ಳಿಹಾಕುತ್ತಿದ್ದರು. ತಂಗಿ ಅದನ್ನೊಂದು ಪ್ರಶ್ನೆಯೆಂದು ಎತ್ತಿಕೊಂಡರು. ಊಟ ಇಳಿಯುವಾಗ ಜಠರದ ಮೇಲ್ಭಾಗ ಸಡಿಲಗೊಂಡು ಜಾಗ ಕೊಡಬೇಕು. ಅದು ಹಿಗ್ಗಿದ ಸುದ್ದಿ ಮಿದುಳಿಗೆ ತಲುಪಿದಾಗಲೇ ಸಾಕೆನಿಸುವುದು. ಕೊಬ್ಬಿನ ಅಂಗಾಂಶ ಸ್ರವಿಸುವ ಅಡಿಪೊನೆಕ್ಟಿನ್ ಎಂಬ ಹಾರ್ಮೋನು ಈ ಸಡಿಲಿಕೆಗೆ ನೆರವಾಗುತ್ತಿರಬಹುದೇ? ವಿಚಿತ್ರವೆಂದರೆ ಮೈಯಲ್ಲಿ ಕೊಬ್ಬು ಹೆಚ್ಚಿದಷ್ಟೂ ಈ ಹಾರ್ಮೋನು ಕಡಿಮೆಯಾಗುತ್ತದೆ. ಹಾಗಿದ್ದಲ್ಲಿ ಅಕ್ಕನ ಜಠರಕ್ಕೆ ಆ ಮಾತು ಕೇಳಿಸುತ್ತಲೇ ಇಲ್ಲವೋ ಏನೋ! ಮೇಡಂ ಪಟ್ಟಿಯನ್ನು ತೂಗುಹಾಕಿದರು, ಹಾರ್ಮೋನಿನ ಹನಿ ಬಿಟ್ಟರು. ಗೆರೆ ನಿಧಾನವಾಗಿ, ನಿದ್ದೆಗೆ ಜಾರುವ ಮಗುವಿನ ಕೈಯಂತೆ, ಕೆಳಗಿಳಿಯಿತು. ಮತ್ತೆ ಮತ್ತೆ ಮಾಡಿದರೂ ಹಾಗೆಯೇ. ಆಗ ಅವರ ಬಳಿ ಓದುತ್ತಿದ್ದ ಶಿಷ್ಯೆಯ ಹೆಸರನ್ನೂ ಸೇರಿಸಿ ಪ್ರಬಂಧ ಅಚ್ಚಾಯಿತು. ಅಂದೇ ಅಕ್ಕನ ಮನೆಗೆ ಓಡಿದ ಮೇಡಂ ಚಪ್ಪಲಿ ಬಿಡುವ ಮೊದಲೇ ಹೇಳಿದರಂತೆ: "ಅಕ್ಕಾ, ನಿಂದೇನೂ ತಪ್ಪಿಲ್ಲ!"

ಕೆಲವು ವಾರಗಳ ನಂತರ ಒಂದು ಮಧ್ಯಾಹ್ನ ಮೇಡಂ ಹೊಸ ಪಟ್ಟಿಯನ್ನು ಆಗಷ್ಟೇ ತೂಗುಹಾಕಿದ್ದರು. ಫೋನು ಬಡಿದುಕೊಂಡಿತು. ಅಕ್ಕ! "ಬೀಗರ ಮನೇಲಿ ಎಲ್ಲರ ಜೊತೆ ಕೂತು ಉಂಡೆ ಕಣೇ. ಎರಡು ಸಲ ಹಾಕಿಸ್ಕೊಂಡೆ. ಯಾರಾದ್ರೂ ಪಿಟ್ಟೆಂದಿದ್ರೆ, ನಮ್ ತಂಗಿ ಬರ್ದಿದಾಳೆ ಓದ್ಕೊಳ್ಳಿ ಅಂತಿದ್ದೆ!" ಅಕ್ಕತಂಗಿಯರ ಮಾತೆಂದರೆ ಕೇಳಬೇಕೇ, ಅದು ಬೆಳೆಯುತ್ತಲೇ ಹೋಯಿತು. ಮೇಡಂ ಕಣ್ಣೊರೆಸಿಕೊಳ್ಳುತ್ತ ಫೋನಿಟ್ಟು ತಿರುಗಿ ನೋಡಿದರೆ, ಕಾಗದದ ಮೇಲೆ ಅದೇ ಗೆರೆ, ಅದೇ ಇಳಿಜಾರು. ಹಾರ್ಮೋನು ಇನ್ನೂ ಸೀಸೆಯಲ್ಲೇ ಇತ್ತು.

ದಾರ ಕಟ್ಟಿ ಎಳೆದ ಸ್ನಾಯು ಮೊದಲು ಬಿಗಿದುಕೊಂಡಿದ್ದು, ಬೆಚ್ಚನೆಯ ನೀರಿನಲ್ಲಿ ಸುಧಾರಿಸಿಕೊಳ್ಳುತ್ತ ತಾನಾಗಿಯೇ ಸಡಿಲುತ್ತದೆ. ಅದಕ್ಕೆ ಬೇಕಾದಷ್ಟು ಹೊತ್ತು ಬಿಡಬೇಕು. ಮೇಡಂ ಬಿಟ್ಟಿರಲಿಲ್ಲ, ಅದರ ದಣಿವಾರಿಕೆಯನ್ನೇ ಹಾರ್ಮೋನಿನ ಕೆಲಸವೆಂದು ಬಗೆದಿದ್ದರು. ಅಯ್ಯೋ, ಎಂಥ ಗಳಿಗೆಯಲ್ಲಿ ಗೊತ್ತಾಯಿತು! ಅಂದಿನ ವಿಭಾಗದ ಮುಖ್ಯಸ್ಥರು, "ಅಚ್ಚಾಗಿದ್ದನ್ನ ಯಾಕಮ್ಮ ಕೆದಕ್ತೀರಿ? ಬಡ್ತಿ ಬಾಗಿಲಿಗೆ ಬಂದು ನಿಂತಿದೆ" ಎಂದು ಬುದ್ಧಿ ಹೇಳಿದರು. ಮೇಡಂ ಪ್ರಬಂಧವನ್ನು ಹಿಂದಕ್ಕೆ ಪಡೆದರು. ತಪ್ಪು ತಮ್ಮೊಬ್ಬರದೇ ಎಂದು ಬರೆದು, ಶಿಷ್ಯೆಯ ಮೇಲೆ ಕೂದಲೆಳೆಯಷ್ಟೂ ಆರೋಪ ಬಾರದಂತೆ ನೋಡಿಕೊಂಡರು. ಬಡ್ತಿ ಬಾಗಿಲಿನಿಂದಲೇ ಹಿಂದಿರುಗಿತು.

ಅದೆಲ್ಲ ಸುಲಭ. ಕಷ್ಟವಾದದ್ದು ಅಕ್ಕನಿಗೆ ಹೇಳುವುದು. ಎಲ್ಲ ಕೇಳಿ ಅಕ್ಕ, "ಹಾಗಾದ್ರೆ ನನ್ ತಪ್ಪೇ ಅನ್ನು" ಎಂದರು.

"ಗೊತ್ತಿಲ್ಲ ಅಕ್ಕ. ಗೊತ್ತಿಲ್ಲ ಅಂತ ಅಷ್ಟೇ ಹೇಳ್ತಿರೋದು."

"ಸರಿ, ಎದ್ದು ಊಟ ಮಾಡು" ಎಂದು ತಂಗಿಗೆ ಬಡಿಸಿ ಅಕ್ಕ ಅಡುಗೆಮನೆಗೆ ಹೋದರು. ನೀನೂ ಬಾ ಎಂದು ಕರೆದರೆ ಒಳಗಿನಿಂದ ಬಂದದ್ದು ಅದೇ ಹಳೆಯ ಉತ್ತರ, "ನಂದು ಆಮೇಲೆ."

ಅಲ್ಲಿಂದ ಶುರುವಾಯಿತು ನಮ್ಮ ತೂಕಡಿಕೆ ಮೇಡಂ ಅವರ ತೂಕಡಿಕೆ. ಪಟ್ಟಿ ತೂಗುಹಾಕಿದ ಮೇಲೆ ಅವರು ಸ್ಟೂಲಿನ ಮೇಲೆ ಕೂತು ಕಣ್ಣುಮುಚ್ಚುವರು. ನಿದ್ದೆಯಲ್ಲ ಅದು, ಲೇಖನಿಯ ಸದ್ದಿನಿಂದಲೇ ಸ್ನಾಯು ತಣ್ಣಗಾಯಿತೋ ಇಲ್ಲವೋ ಎಂದು ತಿಳಿಯುವ ಧ್ಯಾನ. ಪರೀಕ್ಷೆಯಲ್ಲಿ ಸೋತು ಅಳುತ್ತ ಬಂದವರಿಗೂ, ಮನೆಯಲ್ಲಿ ಜಗಳವಾಡಿ ಬಂದವರಿಗೂ ಪಕ್ಕದಲ್ಲೊಂದು ಸ್ಟೂಲು ಎಳೆದು, "ಇದು ಸುಧಾರಿಸ್ಕೊಳ್ಳಲಿ, ಆಮೇಲೆ ಮಾತಾಡೋಣ" ಎನ್ನುವರು. ಗುಳ್ಳೆಗಳ ಸದ್ದಿನಲ್ಲಿ, ಬೆಚ್ಚನೆಯ ಮಂಪರಿನಲ್ಲಿ ಕೂತು ಕೂತು, ಅಳು ತಾನಾಗಿಯೇ ನಿಂತು, ಹೇಳಬೇಕೆಂದಿದ್ದ ಮಾತು ಅರ್ಧ ಮರೆತೇಹೋಗುತ್ತಿತ್ತು. ಆ ಸ್ಟೂಲಿನ ಋಣ ನಮ್ಮಲ್ಲಿ ಯಾರಿಗಿಲ್ಲ?

ವರ್ಷಗಳ ಮೇಲೆ ಉತ್ತರ ಬಂತು. ಪಟ್ಟಿ ಪೂರ್ತಿ ಶಾಂತವಾದ ಮೇಲೆ ಅದರ ನರಗಳನ್ನು ವಿದ್ಯುತ್ತಿನಿಂದ ತಟ್ಟಿ ನೋಡಿದರೆ, ಹಾರ್ಮೋನು ಇದ್ದಾಗ ಸ್ನಾಯುವಿನ ಬಿಗಿತ ಕಡಿಮೆ. ಪರಿಣಾಮ ಇತ್ತು, ಮೊದಲು ಸಾರಿದಷ್ಟು ಇರಲಿಲ್ಲ. ಈ ಸಲ ಮೇಡಂ ಓಡಲಿಲ್ಲ. ಫೋನಿನಲ್ಲಿ, "ಇದೆ ಅಕ್ಕ. ಆದ್ರೆ ಸಣ್ಣದು. ಅದೂ ಇಲಿದು, ನಿಂದು ಹೀಗೇ ಅಂತ ಹೇಳಕ್ಕಾಗಲ್ಲ" ಎಂದರು. ಅಕ್ಕ "ಹೂಂ" ಎಂದರು, ಅಷ್ಟೇ. ಅಡುಗೆಮನೆಯ ಊಟ ಮುಂದುವರಿಯಿತು.

ಕಳೆದ ವಾರ ಬೀಳ್ಕೊಡುಗೆಯ ಚಹಾಕೂಟಕ್ಕೆ ಅಕ್ಕ ಬಂದರು. ಪ್ರಯೋಗಶಾಲೆಯನ್ನು ಅವರು ಕಂಡದ್ದು ಅದೇ ಮೊದಲು. ಮೇಡಂ ತಮ್ಮ ಸೇವೆಯ ಕೊನೆಯ ಪಟ್ಟಿಯನ್ನು ತೂಗುಹಾಕಿ ಕೂತಿದ್ದರು. ಅಕ್ಕ ಬಗ್ಗಿ ನೋಡಿ, "ಇದೇನಾ? ಇಷ್ಟೇ ಇಷ್ಟಾ?" ಎಂದರು.

"ಇದೇ. ಕೂತ್ಕೋ, ಸುಧಾರಿಸ್ಕೊಳ್ಳಲಿ."

ಅಕ್ಕ ಕೂತರು. ಗೆರೆ ಏರುತ್ತಿತ್ತು, ಇಳಿಯುತ್ತಿತ್ತು. ಇಬ್ಬರೂ ಕಣ್ಣುಮುಚ್ಚಿದ್ದರು, ಬಾಗಿಲಲ್ಲಿ ನಿಂತಿದ್ದ, ಆ ಮೊದಲ ಪ್ರಬಂಧದಲ್ಲಿ ಹೆಸರಿದ್ದ ಹಳೆಯ ಶಿಷ್ಯೆಗೆ ಕೋಣೆಯೇ ನೀರೊಳಗೆ ತೇಲುತ್ತಿರುವಂತೆ ಕಂಡಿತು. ಎಷ್ಟೋ ಹೊತ್ತಿನ ಮೇಲೆ ಅಕ್ಕ ಕಣ್ಣು ತೆರೆಯದೆಯೇ ಕೇಳಿದರು: "ನಾನು ಅವತ್ತು ಗೊತ್ತಾಗಲ್ಲ ಅಂದೆ ಅಂತ ಇಷ್ಟು ವರ್ಷ ಹೀಗೆ ಕೂತಿದ್ಯೇನೇ?"

"ಹೂಂ."

"ಹುಚ್ಚಿ" ಎಂದು ಅಕ್ಕ ತಂಗಿಯ ಮಂಡಿಯ ಮೇಲೆ ಕೈಯಿಟ್ಟರು. ಆ ಕೈ ಅಲ್ಲೇ ಇತ್ತು.

ಚಹಾಕೂಟದಲ್ಲಿ ಕೇಕು ಹಂಚುತ್ತ ಬಂದವರಿಗೆ ಅಕ್ಕ ಅಭ್ಯಾಸಬಲದಿಂದ "ನಂದು ಆ..." ಎಂದವರು ಅರ್ಧಕ್ಕೇ ನಿಲ್ಲಿಸಿದರು. ತಟ್ಟೆ ತೆಗೆದುಕೊಂಡು, ಗೋಡೆಯ ಪಕ್ಕದ ಕುರ್ಚಿ ಬಿಟ್ಟು, ಮೇಜಿನ ನಡುವಿನ ಕುರ್ಚಿಯಲ್ಲೇ ಕೂತು, ನಿಧಾನವಾಗಿ, ಕೊನೆಯ ಚೂರಿನವರೆಗೂ ತಿಂದರು. ಆಮೇಲೆ ತಲೆಯೆತ್ತಿ, ಇಡೀ ಸಭೆಗೆ ಕೇಳುವಂತೆ, "ಇನ್ನೊಂದು ತುಂಡು ಇದ್ಯಾ?" ಎಂದರು.

ಭಾಷಣ ಮಾಡುತ್ತಿದ್ದವರು ತಡವರಿಸಿದರು. ಮೇಡಂ ತಮ್ಮ ಸನ್ಮಾನದ ಕುರ್ಚಿಯಿಂದ ಎದ್ದು, ತಾವೇ ಚಾಕು ಹಿಡಿದು ದೊಡ್ಡದೊಂದು ತುಂಡು ಕತ್ತರಿಸಿ ಅಕ್ಕನ ತಟ್ಟೆಗೆ ಹಾಕಿದರು.

ಮೇಡಂ ಅವರಿಗೆ ನೂರ್ಕಾಲದ ಆಯುಸ್ಸೂ ಆರೋಗ್ಯವೂ ಇರಲಿ. ಕಾರಿಡಾರಿನ ಕೊನೆಯ ಕೋಣೆಯ ಬೀಗದ ಕೈ ಅವರ ಬಳಿಯೇ ಇರಲಿ, ಅವರ ಸ್ಟೂಲನ್ನು ಯಾರೂ ಕದಲಿಸದಿರಲಿ. ಪಕ್ಕದಲ್ಲಿರುವ ಎರಡನೆಯ ಸ್ಟೂಲು ಇನ್ನು ಮುಂದೆ ಅಕ್ಕನದು. ಮಧ್ಯಾಹ್ನದ ಊಟದ ಹೊತ್ತಿಗೆ ಅಲ್ಲಿಗೆ ಹೋಗುವವರು ದಯವಿಟ್ಟು ಬಾಗಿಲು ತಟ್ಟಿ ಹೋಗಿ. ಒಳಗೆ ಅಕ್ಕತಂಗಿಯರು ಎದುರುಬದುರು ಕೂತು ಉಣ್ಣುತ್ತಿರುತ್ತಾರೆ.