ಎಂಟು ಮನೆಯ ಹಿಟ್ಟು

ನಮ್ಮ ಶಾಲೆಯ ಗೈಡ್ಸ್ ತಂಡದಲ್ಲಿ ಇದ್ದದ್ದೇ ಎಂಟು ಹುಡುಗಿಯರು. ಅವರ ಟೀಚರ್ ನಾನು, ಮೂಗಿನ ತುದಿಯಲ್ಲೇ ಕೋಪ. ಗಂಟು ಹಾಕಲಿ, ಕವಾಯತು ಮಾಡಲಿ, ಎಂಟೂ ಜನ ಒಂದೇ. ಬುತ್ತಿ ಬಿಚ್ಚುವಾಗ ಮಾತ್ರ ಮೇಲಿನ ಕೇರಿಯವರು ಆ ಕಡೆ, ಕೆಳಗಿನ ಕೇರಿಯವರು ಈ ಕಡೆ. ಕಂಡೂ ನಾನು ತುಟಿ ಬಿಚ್ಚಿರಲಿಲ್ಲ. ಯಾರಾದರೂ ಮುನಿಸಿಕೊಂಡು ಮಗಳನ್ನು ಬಿಡಿಸಿದರೆ ತಂಡವೇ ಉಳಿಯುವುದಿಲ್ಲ ಎಂಬ ಭಯ.

ಕಳೆದ ವರ್ಷ ಮುಳ್ಳೂರಿನಾಚೆಯ ತೋಪಿಗೆ ಹೊರಸಂಚಾರ ಹೊರಟೆವು. ಅಡುಗೆ ಅಲ್ಲೇ. ಮನೆಯಿಂದ ರಾಗಿಹಿಟ್ಟು ತನ್ನಿ ಎಂದಿದ್ದೆ. ಕೇರಿಗೊಂದರಂತೆ ಎರಡು ಒಲೆ ಹೂಡಿಸೋಣವೆಂದು ಪಾತ್ರೆಯನ್ನೂ ಎರಡು ಹೊತ್ತಿದ್ದೆ. ಅದು ಹೇಡಿತನ. ನಾನು ಮುಂದಾಲೋಚನೆ ಅಂದುಕೊಂಡಿದ್ದೆ.

ನಾನು ಸೌದೆ ಆರಿಸಿಕೊಂಡು ಬರುವಷ್ಟರಲ್ಲಿ ಎಂಟೂ ಚೀಲ ಖಾಲಿ. ಹಿಟ್ಟೆಲ್ಲ ಒಂದೇ ಬೇಸಿನ್ನಿನಲ್ಲಿ ಗುಡ್ಡೆಯಾಗಿತ್ತು. ತಂಡದ ನಾಯಕಿ, ಮೇಲಿನ ಕೇರಿಯ ದೊಡ್ಡ ಮನೆಯ ಮೊಮ್ಮಗಳು, ಕೈಯಾಡಿಸುತ್ತಿದ್ದಳು.

"ಏನೇ ಇದು?" ಎಂದು ರೇಗಿದೆ.

"ಎಲ್ಡು ಒಲೆಗೆ ಸೌದೆ ಸಾಲಕಿಲ್ಲ ಮಿಸ್."

ಸೌದೆ ನನ್ನ ತೋಳುತುಂಬ ಇತ್ತು.

ಅದೇ ಹೊತ್ತಿಗೆ ಅವಳ ತಾತ ಬಂದರು. ಕುಂತೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಲೋಡ್ ಕಳಿಸಿ, ಮೊಮ್ಮಗಳನ್ನು ನೋಡಿಹೋಗಲು ಮೊಪೆಡ್ ಇತ್ತ ತಿರುಗಿಸಿದ್ದರು. ಬೇಸಿನ್ ನೋಡಿದರು, ಎಂಟು ಮುಖ ನೋಡಿದರು. ಇವರು ಅವಳನ್ನು ಕರೆದುಕೊಂಡು ಹೋದರೆ ಆ ಕೇರಿಯ ಮಿಕ್ಕ ಮೂವರೂ ಹೋದಂತೆಯೇ.

"ನಮ್ಮನೆ ಇಟ್ಟು ಯಾವ್ದವ್ವ?"

"ಎಲ್ಲಾ ಬೆರ್ತೋಗದೆ ತಾತ. ಬೇಕಾದ್ರೆ ಆಯ್ಕೊ."

ಇಷ್ಟು ವರ್ಷದಲ್ಲಿ ನನ್ನ ಬಾಯಿಗೆ ಬಾರದ ಮಾತು ಹದಿಮೂರರ ಪೋರಿಗೆ ಎಲ್ಲಿಂದ ಬಂತೋ!

ತಾತ ಅಲ್ಲೇ ನಿಂತು ನೋಡುತ್ತಿದ್ದಂತೆ ಒಂದೇ ಒಲೆ ಹೂಡಿ ಎಸರಿಟ್ಟೆವು. ಎಸರು ಕುದಿಯಿತು. ಹುಡುಗಿಯರು ಹಿಟ್ಟು ಸುರಿದು, ತೊಳೆದ ಕೋಲೊಂದರಿಂದ ತಿರುವಲು ಹೋದರೆ ಪಾತ್ರೆಯೇ ಗಿರ್ರನೆ ತಿರುಗಿತು. ಹಿಟ್ಟು ಗಂಟುಗಂಟಾಯಿತು. ತಾತನಿಗೆ ಅದನ್ನು ನೋಡಿಕೊಂಡು ನಿಲ್ಲಲಾಗಲಿಲ್ಲ.

"ಅಂಗಲ್ಲ ಕಣ್ರವ್ವಾ, ಇಟ್ಟು ಕೆಡುಸ್ತೀರಿ. ಒಬ್ಳು ಪಾತ್ರೆ ಇಡ್ಕಳಿ" ಎಂದು ಪಂಚೆ ಎತ್ತಿಕಟ್ಟಿ ಕುಕ್ಕರಗಾಲಲ್ಲಿ ಕೂತರು.

ಹಿಡಿಯಲು ಬಂದವಳು ಕೆಳಗಿನ ಕೇರಿಯವಳು. ತಾತ ತಲೆಯೆತ್ತಿ ಅವಳನ್ನು ನೋಡಿದರು. ಒಂದು ಗಳಿಗೆ ಕೋಲು ನಿಂತಿತು.

"ಬುಡ್ಬ್ಯಾಡ ಕಣವ್ವ, ಬಿಗಿಯಾಗಿ ಇಡ್ಕೊ" ಎಂದರು, ತಿರುವಿದರು.

ಆಮೇಲೆ ಕೈಗೆ ನೀರು ಸವರಿಕೊಂಡು ಬಾಳೆಲೆಯ ಮೇಲೆ ಮುದ್ದೆ ಕಟ್ಟಿಟ್ಟರು. ನಾವಿದ್ದದ್ದು ಎಂಟು ಹುಡುಗಿಯರು, ನಾನೊಬ್ಬಳು. ಮುದ್ದೆ ಹತ್ತು. ಹತ್ತನೆಯದನ್ನು ತಮ್ಮ ಮುಂದಕ್ಕೆ ಎಳೆದುಕೊಂಡು, ಪಾತ್ರೆ ಹಿಡಿದಿದ್ದವಳತ್ತ ತಿರುಗಿ, "ಸಾರೆಲ್ಲವ್ವ?" ಎಂದರು.