ಮೂವತ್ತೆಂಟರ ಆಚೆ

ಆಸ್ಪತ್ರೆ ಯಂತ್ರಗಳ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ಅವನ ಕೆಲಸ. ತಪ್ಪು ನಡುಮನೆಯಲ್ಲಿ ಕೂರುವುದಿಲ್ಲ, ಹೊಸ್ತಿಲಲ್ಲೇ ಹೊಂಚು ಹಾಕುತ್ತದೆ ಎಂಬ ಭಯ ಅವನಿಗೆ. ಮಿತಿ ಮೂವತ್ತೆಂಟು ಡಿಗ್ರಿ ಎಂದರೆ ಕೂದಲೆಳೆಯಷ್ಟು ಕಡಿಮೆ, ಸರಿಯಾಗಿ ಅಷ್ಟೇ, ಕೂದಲೆಳೆಯಷ್ಟು ಜಾಸ್ತಿ, ಮೂರನ್ನೂ ಟೈಪ್ ಮಾಡಿ ನೋಡದೆ ಊಟಕ್ಕೆ ಏಳುವವನಲ್ಲ. ಅದಕ್ಕೇ ಆಫೀಸಿನವರು ಅವನಿಗೆ ಅಂಚಿನಪ್ಪ ಎಂದು ಹೆಸರಿಟ್ಟಿದ್ದರು.

"ಹೆಂಡ್ತೀನೂ ಹಿಂಗೇ ಪರೀಕ್ಷೆ ಮಾಡಿ ಕಟ್ಕೊಂಡ್ಯೇನಯ್ಯಾ?" ಎಂದು ಪಕ್ಕದ ಮೇಜಿನವನು ಕಿಚಾಯಿಸುತ್ತಿದ್ದ.

"ಅವಳು ನನ್ನ ಪರೀಕ್ಷೆ ಮಾಡಿದ್ದು. ಇನ್ನೂ ಪಾಸ್ ಆಗಿಲ್ಲ ಬಿಡು."

ಮಗಳಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಅಂಗೈಯಗಲದ ಕೂಸನ್ನು ಬಿಸಿಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಪೆಟ್ಟಿಗೆಯ ಮೇಲೆ ತನ್ನ ಕಂಪನಿಯ ಗುರುತು ಕಂಡದ್ದೇ ಅವನಿಗೆ ಹೋದ ಜೀವ ಬಂದಂತಾಯಿತು.

"ಹೆದರ್ಬೇಡ ಕಣಮ್ಮ. ನಮ್ಮ ಕಂಪನಿದೇ ಇದು. ನಾನೇ ಪಾಸ್ ಮಾಡಿದ್ದು."

"ಆದ್ರೂ ನೀನು ಇಲ್ಲೇ ಇರಪ್ಪ."

ಕೂಸಿನ ಮೈ ತಣ್ಣಗಿತ್ತು. ನರ್ಸ್ ಬಂದು ಬಿಸಿ ಏರಿಸುವ ಗುಂಡಿ ಒತ್ತಿ ಹಿಡಿದಳು. ಬೆರಳು ಗುಂಡಿಯ ಮೇಲೆ, ಕಣ್ಣು ಪಕ್ಕದ ಪೆಟ್ಟಿಗೆಯ ಮೇಲೆ.

"ಸಿಸ್ಟರ್, ನಂಬರ್ ನೋಡಲ್ವಾ?"

"ಮೂವತ್ತೆಂಟಕ್ಕೆ ತಾನೇ ನಿಲ್ಲುತ್ತೆ ಅಂಕಲ್. ನಾವೆಲ್ಲ ಹಿಂಗೇ ಮಾಡೋದು."

ಅವನು ಪರದೆಗೆ ಕಣ್ಣು ನೆಟ್ಟ. ಅವನು ಟೈಪ್ ಮಾಡಿ ನೋಡಿದ್ದ, ಗುಂಡಿ ಹಿಡಿದು ನೋಡಿರಲಿಲ್ಲ. ಗುಂಡಿ ಹಿಡಿದರೆ ಯಂತ್ರ ಡಿಗ್ರಿಯ ಹತ್ತನೇ ಒಂದು ಪಾಲಿನಂತೆ ಕೂಡಿಸುತ್ತಾ ಹೋಗುತ್ತದೆ. ಹಾಳಾದ ಕಂಪ್ಯೂಟರಿಗೆ ಆ ಹತ್ತನೇ ಒಂದು ಎಂದೂ ಸರಿಯಾಗಿ ದಕ್ಕುವುದಿಲ್ಲ. ಕೂಡಿದಷ್ಟೂ ಧೂಳಿನಷ್ಟು ಹೆಚ್ಚುಕಮ್ಮಿ. ಶುರುವಾದ ಅಂಕಿಯ ಮೇಲೆ ಕೆಲವು ಸಲ ಸರಿಹೋಗುತ್ತದೆ, ಕೆಲವು ಸಲ ಪರದೆಯಲ್ಲಿ ಮೂವತ್ತೆಂಟು ಕಂಡರೂ ಒಳಗಿರುವುದು ಮೂವತ್ತೆಂಟಲ್ಲ. ಟೈಪ್ ಮಾಡಿದ್ದಕ್ಕೆ ಬೇರೆ ತಡೆ ಇಟ್ಟು, ಗುಂಡಿಗೆ ಸರಿಯಾಗಿ ಮೂವತ್ತೆಂಟಾದರೆ ಮಾತ್ರ ನಿಲ್ಲು ಎಂದು ಪ್ರೋಗ್ರಾಂ ಮಾಡಿದ ಪುಣ್ಯಾತ್ಮರು ಬರೆದಿದ್ದರೆ?

ಅಂಕಿ ಮೂವತ್ತೆಂಟಕ್ಕೆ ಬಂತು. ನಿಲ್ಲಲಿಲ್ಲ. ಓಡಿತು.

"ತೆಗೀರಿ ಕೈ!" ಅವಳ ಮಣಿಕಟ್ಟು ಹಿಡಿದು ಎಳೆದೇಬಿಟ್ಟ.

"ಏನ್ರೀ ಇದು, ಬುದ್ಧಿಗಿದ್ದಿ..." ಎಂದವಳು ಪರದೆ ನೋಡಿದಳು. ನಲವತ್ತೊಂದು. ಅವಳ ಮುಖ ಬಿಳಿಚಿಕೊಂಡಿತು. ಸರಸರನೆ ಅಂಕಿ ಇಳಿಸಿದಳು. ಅಂಕಿ ಏರಿತ್ತಷ್ಟೇ, ಪೆಟ್ಟಿಗೆ ಇನ್ನೂ ಅಷ್ಟು ಕಾದಿರಲಿಲ್ಲ. ಕೂಸು ಕಾಲು ಆಡಿಸಿತು.

ಅವನು ಅಲ್ಲಿಂದಲೇ ಆಫೀಸಿಗೆ ಫೋನ್ ಮಾಡಿದ. "ಎಲ್ಲಾ ಆಸ್ಪತ್ರೆಗೂ ಹೇಳಿ, ಆ ಗುಂಡಿ ಯಾರೂ ಮುಟ್ಟಬಾರ್ದು!"

"ಪಾಸ್ ಮಾಡಿದ್ದು ನೀವೇ ಅಲ್ವಾ?" ಎಂದ ಮೇಲಧಿಕಾರಿ.

"ನಾನೇ ಕಣ್ರೀ! ಆಮೇಲೆ ಉಗೀರಿ, ಈಗ ಫೋನ್ ಮಾಡ್ರಿ!"

ನರ್ಸ್ ಗುಂಡಿಯ ಮೇಲೆ ಅಡ್ಡಡ್ಡ ಪ್ಲಾಸ್ಟರ್ ಅಂಟಿಸಿದಳು. ಅವನು ಅದನ್ನೇ ನೋಡುತ್ತ ಕೂತ. ಇಲ್ಲೇನೋ ಪ್ಲಾಸ್ಟರ್ ಬಿತ್ತು. ಬೇರೆ ಆಸ್ಪತ್ರೆಗಳಲ್ಲಿ ಪಕ್ಕಕ್ಕೆ ನೋಡುತ್ತ ಗುಂಡಿ ಒತ್ತಿ ಹಿಡಿದ ಬೆರಳುಗಳು ಈಗ ಎಷ್ಟಿವೆಯೋ.